ಲಂಗರಿನ ಲೆಕ್ಕ

ಗೇಟ್‌ವೇಯಿಂದ ಮಾಂಡವಾದತ್ತ ಸಾಗುವ ಮೋಟಾರು ದೋಣಿಗಳನ್ನು ಮುಂಬಯಿಯ ನಾವೆಲ್ಲರೂ ಕಂಡವರೇ. ಅಂತಹದೊಂದು ಸಣ್ಣ ದೋಣಿಯು ಇರುಳು ಕರಾವಳಿಯ ಕೊಲ್ಲಿಯಲ್ಲಿ ತಂಗಿದಾಗ ಅದನ್ನು ಹಿಡಿದಿಡುವುದು ಲಂಗರಿನ ಭಾರವೆಂದು ಹಲವರು ಭಾವಿಸುವರು. ವಸ್ತುತಃ ಭಾರಕ್ಕಿಂತ ಹಿಡಿತವೇ ಮುಖ್ಯ. ಉದ್ದವಾದ ಹಗ್ಗವು ಓರೆಯಾಗಿ ಎಳೆದರೆ ಲಂಗರಿನ ಕೊಕ್ಕೆ ಕೆಸರಿನಲ್ಲಿ ಹೂತುಕೊಳ್ಳುವುದು. ನೆಟ್ಟಗೆ ಮೇಲಕ್ಕೆ ಎಳೆದರೆ ಕಿತ್ತುಬರುವುದು. ಆದುದರಿಂದಲೇ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡುವುದು ರೂಢಿ.

ಆದರೆ ಯಾವ ಹೊತ್ತಿನ ಆಳ? ಮುಂಬಯಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಸಮುದ್ರವು ಇಳಿತದಿಂದ ಭರತಕ್ಕೆ 4 ಮೀಟರಿನಷ್ಟು ಏರುವುದುಂಟು. ಇಳಿತದಲ್ಲಿ 3 ಮೀಟರಿದ್ದ ಆಳ ಭರತದಲ್ಲಿ 7. ದೋಣಿಯ ಮುಂತುದಿಯ ಎತ್ತರ 1 ಸೇರಿ 8. ಏಳು ಪಟ್ಟೆಂದರೆ 56 ಮೀಟರು ಹಗ್ಗ. ಗಣಿತವೆಂದರೆ ಮುಖ ಕಿವಿಚುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಲಿ! ಇಳಿತವನ್ನೇ ನಂಬಿ 28 ಮೀಟರು ಬಿಟ್ಟವನ ದೋಣಿ, ನಡುರಾತ್ರಿ ಗಾಳಿಯೆದ್ದರೆ, ಮಲಗಿದವರನ್ನು ಹೊತ್ತು ಬಂಡೆಗಳತ್ತ ಸರಿದೀತು.

ಅನುಭವಿಗಳು ದಡದ ಎರಡು ಗುರುತುಗಳನ್ನು ಒಂದರ ಹಿಂದೊಂದು ಬರುವಂತೆ ನೋಡಿಟ್ಟುಕೊಳ್ಳುವರು. ಗಾಳಿಯಾಗಲಿ ಸೆಳೆತವಾಗಲಿ ದಿಕ್ಕು ಬದಲಿಸದಿದ್ದರೂ ಅವು ಬೇರ್ಪಟ್ಟು ಕಂಡರೆ ಲಂಗರು ಜಾರಿದೆಯೆಂದೇ ತಿಳಿದು ಕೂಡಲೇ ಯಂತ್ರ ಚಾಲೂ ಮಾಡುವರು.