ನ್ಯೂ ಬಿಇಎಲ್ ರಸ್ತೆಯ ಅಂತರರಾಷ್ಟ್ರೀಯ ಕಾನೂನು

ತಪ್ಪು ಕಲ್ಪನೆ: ಅಂತರರಾಷ್ಟ್ರೀಯ ಕಾನೂನು ಓದಿದವರಿಗೆ ಕೆಲಸ ಇರುವುದು ಹೇಗ್‌ನಲ್ಲಿ, ಇಲ್ಲವೇ ವಿಶ್ವಸಂಸ್ಥೆಯಲ್ಲಿ.

ಸತ್ಯ: ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿರುವುದು 15 ನ್ಯಾಯಾಧೀಶರು. ಅಲ್ಲಿ ದಾವೆ ಹೂಡುವುದು, ಎದುರಿಸುವುದು ದೇಶಗಳು ಮಾತ್ರ. ವಕೀಲರಿಗೆ ದಿನನಿತ್ಯದ ಕೆಲಸ ಹುಟ್ಟುವುದು ವ್ಯಾಪಾರದ ಕರಾರುಗಳಿಂದ, ಹೂಡಿಕೆಯಿಂದ. ಹೆಬ್ಬಾಳದ ಆಸುಪಾಸಿನವರು ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ನ್ಯೂ ಬಿಇಎಲ್ ರಸ್ತೆಯ ಅಂತರಿಕ್ಷ ಭವನ ಇಸ್ರೋದ ಕೇಂದ್ರ ಕಚೇರಿ. ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್, 2005ರ ಜನವರಿಯಲ್ಲಿ ಬೆಂಗಳೂರಿನ ದೇವಾಸ್ ಕಂಪನಿಯೊಂದಿಗೆ ಉಪಗ್ರಹದ ಎಸ್-ಬ್ಯಾಂಡ್ ತರಂಗಾಂತರದ ಕರಾರು ಮಾಡಿಕೊಂಡಿತು. 2011ರಲ್ಲಿ ಅದು ರದ್ದಾಯಿತು. ಆ ಒಂದು ರದ್ದತಿಯಿಂದ ಮೂರು ವ್ಯಾಜ್ಯ ಹುಟ್ಟಿದವು: ದೇವಾಸ್ ಕಂಪನಿಯದೊಂದು, ಅದರಲ್ಲಿ ಹಣ ಹಾಕಿದ್ದ ಮಾರಿಷಸ್ ಹೂಡಿಕೆದಾರರದೊಂದು, ಜರ್ಮನಿಯ ಡಾಯ್ಚ ಟೆಲಿಕಾಮ್‌ನದೊಂದು.

ದೇಶದ ರಕ್ಷಣೆಗೆ ಆ ತರಂಗಾಂತರ ಬೇಕಿತ್ತು ಎಂಬುದು ಭಾರತದ ವಾದ. ಭದ್ರತಾ ಹಿತಾಸಕ್ತಿ ಕಾಯಲು 'ಉದ್ದೇಶಿಸಿದ' ಕ್ರಮಗಳಿಗೆ ಮಾರಿಷಸ್ ಜೊತೆಗಿನ ಭಾರತದ ಹೂಡಿಕೆ ಒಪ್ಪಂದದಲ್ಲಿ ವಿನಾಯಿತಿ ಇತ್ತು. ಜರ್ಮನಿಯ ಜೊತೆಗಿನ ಒಪ್ಪಂದದಲ್ಲಿ ಆ ವಿನಾಯಿತಿ 'ಅಗತ್ಯವಿರುವಷ್ಟು ಮಟ್ಟಿಗೆ' ಮಾತ್ರ. 2016ರಲ್ಲಿ ಮಾರಿಷಸ್ ಪ್ರಕರಣದ ಮಧ್ಯಸ್ಥಿಕೆ ಮಂಡಳಿ, ಬಹುಮತದಿಂದ, 60% ತರಂಗಾಂತರದ ಮಟ್ಟಿಗೆ ಭಾರತದ ವಾದ ಒಪ್ಪಿತು. ಜರ್ಮನ್ ಪ್ರಕರಣದ ಮಂಡಳಿ 2017ರಲ್ಲಿ ಆ ವಾದವನ್ನೇ ತಳ್ಳಿಹಾಕಿತು. ಈ ವೃತ್ತಿಗೆ ತಯಾರಾಗುವುದು ಹೇಗೆಂದು ಕೇಳುವ ಪ್ರತಿ ವಿದ್ಯಾರ್ಥಿಗೂ ನಾನು ಹೇಳುವುದಿಷ್ಟೇ: ಈ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಪೆನ್ಸಿಲ್ ಹಿಡಿದು ಓದಿ.

ತಪ್ಪು ಕಲ್ಪನೆ: ಅಂತರರಾಷ್ಟ್ರೀಯ ಕಾನೂನು ಕಲಿಯುವವರಿಗೆ ಇಲ್ಲಿನ ಕಾನೂನು ಅಷ್ಟಾಗಿ ಬೇಡ.

ಈ ತಾತ್ಸಾರ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದೇವಾಸ್ ಕಂಪನಿ ಹುಟ್ಟಿದ್ದೇ ವಂಚನೆಗಾಗಿ ಎಂದು ಅದನ್ನು ಮುಚ್ಚಲು 2021ರಲ್ಲಿ ಆದೇಶಿಸಿದ್ದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಬೆಂಗಳೂರು ಪೀಠ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಂಪನಿಗೆ 56.25 ಕೋಟಿ ಡಾಲರ್ ಕೊಡಬೇಕೆಂಬ ಮಧ್ಯಸ್ಥಿಕೆ ತೀರ್ಪನ್ನು ಅದೇ ವರ್ಷ ದೆಹಲಿ ಹೈಕೋರ್ಟ್ ರದ್ದುಮಾಡಿತು. ಅಷ್ಟು ದೊಡ್ಡ ಮೊತ್ತದ ಹಣೆಬರಹ ಬದಲಾದದ್ದು ನಮ್ಮ ಕಂಪನಿ ಕಾಯ್ದೆ, ಮಧ್ಯಸ್ಥಿಕೆ ಕಾಯ್ದೆಗಳಿಂದ. ಹೇಗ್ ತಲುಪಿದವರ ವಿಷಯದಲ್ಲೂ ಅಷ್ಟೇ: ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1952ರಲ್ಲಿ ಹೇಗ್‌ನ ನ್ಯಾಯಾಧೀಶರಾಗುವ ಮುಂಚೆ ಕಲ್ಕತ್ತಾ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದರು, ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು.

ತಪ್ಪು ಕಲ್ಪನೆ: ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಸೀಟು ಸಿಗದಿದ್ದರೆ ಈ ದಾರಿ ಮುಚ್ಚಿತು.

ಆ ಸಂಸ್ಥೆಯ ತಂಡ 1999 ಮತ್ತು 2013ರಲ್ಲಿ ಜೆಸಪ್ ಎಂಬ ಅಂತರರಾಷ್ಟ್ರೀಯ ಕಾನೂನಿನ ಅಣಕು ನ್ಯಾಯಾಲಯ ಸ್ಪರ್ಧೆಯನ್ನು ಗೆದ್ದಿದೆ, ನಿಜ. ಆದರೆ ಆ ಸ್ಪರ್ಧೆಗೆ ಯಲಹಂಕದ ಕಾಲೇಜಿನ ತಂಡವೂ ಹೆಸರು ಕೊಡಬಹುದು. ಬಿಕಾಂ, ಬಿಎಸ್ಸಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪುಗಳೆಲ್ಲ ಇಂಟರ್ನೆಟ್ಟಿನಲ್ಲಿ ಉಚಿತ. ಆ ನ್ಯಾಯಾಲಯದ ಅಧಿಕೃತ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಫ್ರೆಂಚ್ ಕಲಿಯಲು ವಸಂತನಗರದಲ್ಲಿ ಅಲಿಯಾನ್ಸ್ ಫ್ರಾಂಸೇಸ್ ಇದೆ. ಮೊದಲ ವರ್ಷದಲ್ಲೇ ಸೇರಿಕೊಳ್ಳಿ, ಕೊನೆಯ ವರ್ಷಗಳಲ್ಲಿ ಬಿಡುವು ಸಿಗುವುದು ಕಷ್ಟ.