ತಿಳಿ ನೀರೆಲ್ಲ ಕುಡಿಯುವ ನೀರಲ್ಲ

ಮುಂಬೈಯಲ್ಲಿ ಮಳೆ ಹಿಡಿದುಕೊಂಡರೆ ನಲ್ಲಿಯ ನೀರು ಒಮ್ಮೊಮ್ಮೆ ಮಣ್ಣುಬಣ್ಣಕ್ಕೆ ತಿರುಗುತ್ತದೆ. ಕುದಿಸಿ ಕುಡಿಯಿರಿ ಎಂದು ಮಹಾನಗರ ಪಾಲಿಕೆ ಪ್ರಕಟಣೆ ಹೊರಡಿಸುತ್ತದೆ. ಈ ಸಲ ನಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು, ಆನ್‌ಲೈನಿನಲ್ಲಿ ಸಿಗುವ ಪಾಲಿಮರ್ ಪುಡಿ ತಂದು ಟ್ಯಾಂಕಿಗೆ ಸುರಿಯೋಣ, ಹತ್ತೇ ನಿಮಿಷದಲ್ಲಿ ನೀರು ತಿಳಿಯಾಗುತ್ತದೆ ಎಂದರು. ತಿಳಿಯಾಗುವುದು ನಿಜ. ಆದರೂ ಬೇಡ ಎಂದೆ.

ಕೆರೆಗೆ ಹರಿದು ಬರುವ ಜೇಡಿಯ ಕಣಗಳು ಅತಿ ಸಣ್ಣವು. ಒಂದೊಂದರ ಮೇಲೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ದಿನಗಟ್ಟಲೆ ತಳಕ್ಕೆ ಇಳಿಯುವುದಿಲ್ಲ. ನಾವು ಸ್ಪಟಿಕ ಎನ್ನುವ, ಮರಾಠಿಯವರು ತುರಟಿ ಎನ್ನುವ ಆಲಂ ಈ ಜಗಳವನ್ನು ಬಿಡಿಸುತ್ತದೆ. ಭಾಂಡುಪ್‌ನ ಶುದ್ಧೀಕರಣ ಘಟಕದಲ್ಲಿ ಆಲಂ ಜೊತೆಗೆ ಪಾಲಿ ಅಲ್ಯೂಮಿನಿಯಂ ಕ್ಲೋರೈಡನ್ನೂ ಬಳಸುತ್ತಾರೆ. ಪಾಲಿಅಕ್ರಿಲಮೈಡ್‌ನಂಥ ನೀರಿನಲ್ಲಿ ಕರಗುವ ಪಾಲಿಮರ್‌ಗಳ ಕೆಲಸ ಅದರ ಮುಂದಿನದು. ಶಾಲೆಯ ಮಕ್ಕಳಿಗೆ ರಸ್ತೆ ದಾಟುವಾಗ ಒಂದೇ ಹಗ್ಗ ಹಿಡಿಸುತ್ತಾರಲ್ಲ, ಹಾಗೆ ಒಂದು ಉದ್ದನೆಯ ಅಣುಸರಪಳಿಗೆ ನೂರಾರು ಕಣಗಳು ಅಂಟಿ, ಗಂಟಾಗಿ, ಭಾರಕ್ಕೆ ಕೆಳಗಿಳಿಯುತ್ತವೆ. ಉಳಿದದ್ದನ್ನು ಮರಳಿನ ಸೋಸುಪದರ ಹಿಡಿಯುತ್ತದೆ. ಕೊನೆಗೆ ಕ್ಲೋರಿನ್.

ನಮ್ಮ ಹಳ್ಳಿಗಳಲ್ಲಿ ಗಡಿಗೆಯ ಒಳಮೈಗೆ ಚಿಲ್ಲದ ಬೀಜ ಉಜ್ಜುತ್ತಿದ್ದುದೂ ಇದೇ ವಿದ್ಯೆ. ಆ ಬೀಜದಲ್ಲಿರುವುದೂ ನೀರಿಗೆ ಬಿಟ್ಟುಕೊಳ್ಳುವ ಪಾಲಿಮರ್. ನುಗ್ಗೆ ಬೀಜದಲ್ಲಾದರೆ ಧನ ವಿದ್ಯುದಂಶದ ಪ್ರೋಟೀನು. (ನುಗ್ಗೆ ಬೀಜದ ನೀರನ್ನು ಅಂದಂದೇ ಮುಗಿಸಬೇಕು, ಇಟ್ಟರೆ ವಾಸನೆ ಬರುತ್ತದೆ.)

ಹಾಗಾದರೆ ಟ್ಯಾಂಕಿಗೆ ಯಾಕೆ ಬೇಡ? ಮೊದಲನೆಯದು ಅಳತೆ. ಘಟಕದ ಪ್ರಯೋಗಾಲಯದಲ್ಲಿ ಸಾಲಾಗಿ ಗಾಜಿನ ಪಾತ್ರೆ ಇಟ್ಟು, ಒಂದೊಂದಕ್ಕೆ ಒಂದೊಂದು ಪ್ರಮಾಣ ಹಾಕಿ, ಕಲಕಿ, ಯಾವುದರಲ್ಲಿ ಚೆನ್ನಾಗಿ ತಳ ಕೂರುತ್ತದೆ ಎಂದು ನೋಡಿಯೇ ಪ್ರಮಾಣ ಗೊತ್ತುಮಾಡುತ್ತಾರೆ. ಹೆಚ್ಚಾದರೆ ಪಾಲಿಮರ್ ಕಣಗಳ ಮೈಯನ್ನೆಲ್ಲ ಮುಚ್ಚಿ ಅವು ಮತ್ತೆ ದೂರವಾಗುತ್ತವೆ, ನೀರು ಕದಡಿಯೇ ಉಳಿಯುತ್ತದೆ. ಇನ್ನೂ ಮುಖ್ಯವಾದದ್ದು, ಪಾಲಿಅಕ್ರಿಲಮೈಡ್ ತಯಾರಿಕೆಯಲ್ಲಿ ಸ್ವಲ್ಪ ಅಕ್ರಿಲಮೈಡ್ ಹಾಗೇ ಉಳಿದಿರುತ್ತದೆ. ಅದು ನರಗಳಿಗೆ ವಿಷ. ಕುಡಿಯುವ ನೀರಿನಲ್ಲಿ ಲೀಟರಿಗೆ 0.5 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಕೊಳಚೆ ನೀರಿಗೆಂದು ಮಾಡಿದ ಪುಡಿಯೂ ಕುಡಿಯುವ ನೀರಿಗೆಂದು ಮಾಡಿದ ಪುಡಿಯೂ ಕಣ್ಣಿಗೆ ಒಂದೇ. ಗುಂಪಿನಲ್ಲಿ ಬಂದ ಪ್ಯಾಕೆಟ್ಟಿನ ಚಿತ್ರದಲ್ಲಿ ಯಾವುದೆಂದು ಬರೆದಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ತಿಳಿ ನೀರಿನ ಮೇಲೆ ಹುಟ್ಟುವ ನಂಬಿಕೆ. ಪಾವಗಡದ ಕೊಳವೆಬಾವಿಯ ನೀರು ಕನ್ನಡಿಯಂತಿದ್ದರೂ ಅದರಲ್ಲಿ ಫ್ಲೋರೈಡ್ ಇದೆ. ಗಂಟುಗಳ ಜೊತೆ ಒಂದಷ್ಟು ರೋಗಾಣು ತಳ ಸೇರುತ್ತವೆ, ಎಲ್ಲವೂ ಅಲ್ಲ. 2019ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವರದಿಯಲ್ಲಿ ಮುಂಬೈಯ 10ಕ್ಕೆ 10 ಮಾದರಿಗಳೂ ಗುಣಮಟ್ಟದಲ್ಲಿ ಪಾಸಾಗಿದ್ದವು. ಅಂದರೆ ಇಲ್ಲಿ ಘಟಕಕ್ಕಿಂತ ಹೆಚ್ಚು ಅನುಮಾನ ಪಡಬೇಕಾದದ್ದು ನಮ್ಮ ಮನೆಯವರೆಗಿನ ದಾರಿಯನ್ನು. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಊರಿದು. ನೀರು ನಿಂತಾಗ ಪೈಪಿನ ಒತ್ತಡ ಇಳಿದು, ಬಿರುಕಿದ್ದಲ್ಲಿ ಪಕ್ಕದ ಗಟಾರದ್ದು ಒಳಗೆ ಜಿನುಗುತ್ತದೆ.

ಕೊನೆಗೆ ನೆಲದಡಿಯ ಟ್ಯಾಂಕ್ ಖಾಲಿ ಮಾಡಿಸಿದಾಗ ಗಟಾರದ ಕಡೆಯ ಗೋಡೆಯಲ್ಲೇ ಸೀಳು ಸಿಕ್ಕಿತು. ಗಾರೆಯವನು ಎರಡು ದಿನ ತೆಗೆದುಕೊಂಡ. ಗಣೇಶ ಹಬ್ಬ ಕಳೆಯುವವರೆಗೂ ನಮ್ಮ ಮನೆಯಲ್ಲಿ ನೀರು ಕುದಿಸುತ್ತಿದ್ದೇವೆ.