ಸಸಿಹಿತ್ಲುವಿನ ಅಲೆಗಳು: ಬೆಳಗಾವಿ–ಖಾನಾಪುರದ ವರ್ತಕರಿಗೊಂದು ಪ್ರವಾಸ, ಒಂದು ಲೆಕ್ಕಾಚಾರ

ಬೆಳಗಾವಿಯ ವರ್ತಕ ಕುಟುಂಬಗಳಿಗೆ ಸಮುದ್ರವೆಂದರೆ ಗೋವಾ ಎಂಬುದು ಬಹುಕಾಲದ ರೂಢಿ. ಚೋರ್ಲಾ ಘಟ್ಟ ಇಳಿದರೆ ಮೂರು-ನಾಲ್ಕು ತಾಸುಗಳಲ್ಲಿ ಪಣಜಿ ದೊರೆಯುತ್ತದೆ. ತರಕಾರಿಯ ವಾಹನಗಳು ನಿತ್ಯ ಇಳಿಯುವ ಹಾದಿಯಲ್ಲಿಯೇ ರಜೆಯ ದಿನಗಳಲ್ಲಿ ಕಾರುಗಳ ಸಾಲೂ ಇಳಿಯುತ್ತದೆ. ಆದರೆ ಕರ್ನಾಟಕಕ್ಕೂ 300 ಕಿ.ಮೀ.ಗೆ ಮಿಕ್ಕ ಕರಾವಳಿಯಿದೆ. ಅದರ ದಕ್ಷಿಣ ಭಾಗದಲ್ಲಿ, ಜಾತ್ರೆಯ ಗದ್ದಲವಿಲ್ಲದ ಕೆಲವು ತೀರಗಳಲ್ಲಿ, ಎರಡು ದಶಕಗಳಿಂದ ಒಂದು ಹೊಸ ಉದ್ದಿಮೆ ಸದ್ದಿಲ್ಲದೆ ಬೆಳೆದಿದೆ. ಹಲಗೆಯ ಮೇಲೆ ನಿಂತು ಅಲೆಯೊಡನೆ ದಡದತ್ತ ಸಾಗುವ ಸರ್ಫಿಂಗ್ ಎಂಬ ಜಲಕ್ರೀಡೆಯೇ ಆ ಉದ್ದಿಮೆಯ ಆಧಾರ. ಅಲ್ಲಿಗೆ ಹೋಗಿಬರುವವರಿಗೆ ಉಲ್ಲಾಸ ದೊರೆಯುತ್ತದೆ. ಜೊತೆಗೆ ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಕಲಿಯಬೇಕಾದ ಸಂಗತಿಗಳೂ ಹಲವಿವೆ.

ಅಳಿವೆಯ ಮರಳು, ಅಲೆಯ ಆಕಾರ

ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿಯ ಬಳಿ ಶಾಂಭವಿ ಮತ್ತು ನಂದಿನಿ ನದಿಗಳು ಒಂದೆಡೆ ಸೇರಿ ಅರಬ್ಬಿ ಸಮುದ್ರಕ್ಕೆ ಬೀಳುತ್ತವೆ. ಅಳಿವೆಯ ದಕ್ಷಿಣಕ್ಕೆ, ಒಂದು ಬದಿಗೆ ನದಿ ಮತ್ತೊಂದು ಬದಿಗೆ ಕಡಲು ಇರುವ ಕಿರಿದಾದ ಮರಳ ಪಟ್ಟಿಯೇ ಸಸಿಹಿತ್ಲು. ರಾಷ್ಟ್ರೀಯ ಹೆದ್ದಾರಿ 66ರ ಮೇಲಿನ ಹಳೆಯಂಗಡಿಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ತೆಂಗಿನ ತೋಟಗಳ ನಡುವಿನ ರಸ್ತೆ ಅಲ್ಲಿಗೆ ಮುಟ್ಟಿಸುತ್ತದೆ.

ಎಲ್ಲ ತೀರದ ಅಲೆಯೂ ಈ ಆಟಕ್ಕೆ ಒದಗುವುದಿಲ್ಲ. ದೂರದ ಸಾಗರದಲ್ಲಿ ಗಾಳಿಯಿಂದ ಎದ್ದ ತೆರೆಗಳು ದಡವನ್ನು ಸಮೀಪಿಸಿದಾಗ, ನೀರಿನ ಆಳ ಕಡಿಮೆಯಾಗಿ ಅಲೆಯ ಬುಡ ನಿಧಾನವಾಗುತ್ತದೆ, ತಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ತಳ ಏಕಪ್ರಕಾರವಾಗಿದ್ದರೆ ಇಡೀ ಅಲೆ ಒಮ್ಮೆಗೇ ಕುಸಿಯುತ್ತದೆ; ಹಲಗೆಯವನಿಗೆ ಸಾಗಲು ಹಾದಿ ಉಳಿಯುವುದಿಲ್ಲ. ನದಿ ತಂದು ಸುರಿಯುವ ಮರಳು ಅಳಿವೆಯ ಮುಂದೆ ದಿಬ್ಬವಾಗಿ ನಿಂತಾಗ ಅಲೆಯು ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಒಡೆಯುತ್ತ ಹೋಗುತ್ತದೆ. ಸರ್ಫರ್ ಬಯಸುವುದು ಇಂತಹ ಅಲೆಯನ್ನು. ಮೂಲ್ಕಿ ಮತ್ತು ಸಸಿಹಿತ್ಲುವಿನ ಭಾಗ್ಯವಿರುವುದು ಈ ಮರಳಿನ ದಿಬ್ಬಗಳಲ್ಲಿ. ಪ್ರತಿ ಮಳೆಗಾಲದ ನಂತರ ಅವು ಸ್ಥಳ ಬದಲಿಸುವುದರಿಂದ, ಹೊರಗಿನವರಿಗೆ ಸ್ಥಳೀಯ ತರಬೇತುದಾರನ ತಿಳಿವಳಿಕೆ ಅನಿವಾರ್ಯವಾಗಿದೆ.

2004ರಲ್ಲಿ ಅಮೆರಿಕ ಮೂಲದ ಸಂನ್ಯಾಸಿ ಜಾಕ್ ಹೆಬ್ನರ್ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಆರಂಭಿಸಿದರು. ಭಾರತದ ಮೊದಲ ಸರ್ಫ್ ಕ್ಲಬ್ ಎಂಬ ಹೆಸರು ಅದಕ್ಕಿದೆ. 'ಸರ್ಫಿಂಗ್ ಸ್ವಾಮಿ' ಎಂದೇ ಅವರು ಪ್ರಸಿದ್ಧರಾದರು. ಮಣಿಪಾಲದಲ್ಲಿ ವಿದ್ಯಾರ್ಥಿಗಳಾಗಿದ್ದ ಇಶಿತಾ ಮಾಲವೀಯ ಮತ್ತು ತುಷಾರ್ ಪಥಿಯನ್ ಅಲ್ಲಿಯೇ ಈ ಆಟದ ಪರಿಚಯ ಪಡೆದು, 2007ರಲ್ಲಿ ಶಾಕಾ ಸರ್ಫ್ ಕ್ಲಬ್ಬನ್ನು ಸ್ಥಾಪಿಸಿದರು. ಉಡುಪಿ ಸಮೀಪದ ಮೀನುಗಾರರ ಊರಾದ ಕೋಡಿ ಬೆಂಗ್ರೆ ಅದರ ನೆಲೆಯಾಯಿತು. 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲುವಿನಲ್ಲಿ ನಡೆಯಿತು. 2024ರಲ್ಲಿಯೂ ದೇಶದ ಸರ್ಫರುಗಳು ಇದೇ ತೀರದಲ್ಲಿ ಸೇರಿದ್ದರು. 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಿತು. 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ಜರುಗಿದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಕರ್ನಾಟಕದ ರಮೇಶ್ ಬೂದಿಹಾಳ ಕಂಚಿನ ಪದಕ ಗೆದ್ದರು. ಇಷ್ಟಾದರೂ ಸ್ಪರ್ಧೆಯ ಮೂರು ದಿನಗಳನ್ನು ಬಿಟ್ಟರೆ ಸಸಿಹಿತ್ಲು ವರ್ಷದ ಬಹುಭಾಗ ಮೀನುಗಾರರ ತೀರವೇ ಆಗಿದೆ.

ಹೋಗುವ ಹಾದಿ, ಹೋಗಬೇಕಾದ ಕಾಲ

ಬೆಳಗಾವಿಯಿಂದ ಈ ತೀರಕ್ಕೆ ಸಾಗುವ ಒಂದು ಹಾದಿ ಖಾನಾಪುರದ ಮೂಲಕವೇ ಇದೆ. ನಗರದಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರ, ಮುಂದೆ ಲೋಂಡಾ, ರಾಮನಗರ, ಜೊಯಿಡಾ, ಕಾರವಾರ. ಅಲ್ಲಿಂದ ಹೆದ್ದಾರಿ 66ರಲ್ಲಿ ಅಂಕೋಲಾ, ಹೊನ್ನಾವರ, ಕುಂದಾಪುರ, ಉಡುಪಿ ದಾಟಿದರೆ ಮೂಲ್ಕಿ. ಒಟ್ಟು ಸುಮಾರು 400 ಕಿ.ಮೀ. ಆಗುತ್ತದೆ. ರೈಲಿನಲ್ಲಿ ಹೋಗಬಯಸುವವರು ಲೋಂಡಾ–ಕ್ಯಾಸಲ್‌ರಾಕ್ ಮಾರ್ಗವಾಗಿ ಘಟ್ಟ ಇಳಿದು ಮಡಗಾಂವ್ ತಲುಪಿ, ಅಲ್ಲಿಂದ ಕೊಂಕಣ ರೈಲಿನಲ್ಲಿ ದಕ್ಷಿಣಕ್ಕೆ ಸಾಗಬಹುದು. ಎಲ್ಲ ರೈಲುಗಳೂ ಮೂಲ್ಕಿಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ಉಡುಪಿ ಅಥವಾ ಸುರತ್ಕಲ್ಲಿನಲ್ಲಿ ಇಳಿಯುವುದು ಅನುಕೂಲಕರ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಉಗ್ರವಾಗಿರುತ್ತದೆ. ಹೊಸಬರು ಆಗ ನೀರಿಗಿಳಿಯಲಾಗದು. ಅಕ್ಟೋಬರ್ ನಂತರದ ತಿಂಗಳುಗಳಲ್ಲಿ ಅಲೆಗಳು ಚಿಕ್ಕವಾಗಿ, ಕ್ರಮಬದ್ಧವಾಗಿ ಬರುತ್ತವೆ. ಕಲಿಯುವವರಿಗೆ ಇದೇ ಪ್ರಶಸ್ತ ಕಾಲ. ಮೇ ತಿಂಗಳ ಕೊನೆಯಲ್ಲಿ, ಮುಂಗಾರಿನ ಮುನ್ನ, ಅಲೆಗಳಿಗೆ ಕಸುವು ಬರುವುದರಿಂದ ಪಳಗಿದವರ ಸ್ಪರ್ಧೆಗಳು ಆಗ ಏರ್ಪಡುತ್ತವೆ. ಮುಂಜಾನೆ ಗಾಳಿ ಮಂದವಾಗಿದ್ದು ನೀರಿನ ಮೈ ನಯವಾಗಿರುತ್ತದೆ. ಆದಕಾರಣ ಪಾಠಗಳು ಬೆಳಗ್ಗೆಯೇ ಆರಂಭವಾಗುತ್ತವೆ.

ಈಜು ಬಲ್ಲವರೂ ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಅಳಿವೆಯ ಬಾಯಲ್ಲಿ, ಇಳಿತದ ಹೊತ್ತಿನಲ್ಲಿ, ನದಿಯ ನೀರೂ ಕಡಲಿನ ಸೆಳೆತವೂ ಕೂಡಿ ಮನುಷ್ಯನನ್ನು ಒಳಕ್ಕೆ ಎಳೆದೊಯ್ಯುತ್ತವೆ. ಅಂತಹ ಸೆಳೆತಕ್ಕೆ ಸಿಕ್ಕವರು ದಡಕ್ಕೆ ನೇರವಾಗಿ ಈಜಲು ಹೆಣಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಅಲೆಗಳು ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಅನೇಕ ವೇಳೆ ಸೆಳೆತದ ಜಾಗವಾಗಿರುತ್ತದೆ. ಘಟ್ಟದ ಮೇಲಿನ ಊರುಗಳಿಂದ ಗುಂಪಾಗಿ ಬಂದು, ಕಾವಲಿಲ್ಲದ ತೀರದಲ್ಲಿ ನೀರಿಗಿಳಿದು ಪ್ರಾಣ ಕಳೆದುಕೊಳ್ಳುವ ಯುವಕರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಕಾರ್ಖಾನೆಯ ಕಾರ್ಮಿಕರನ್ನು ಪ್ರವಾಸಕ್ಕೆ ಕರೆದೊಯ್ಯುವ ಮಾಲೀಕರು ಈ ಹೊಣೆಯನ್ನು ಚಾಲಕನಿಗೆ ಬಿಡದೆ ತಾವೇ ಹೊರುವುದು ಉಚಿತ.

ಇಂಡೋನೇಷ್ಯಾ ಹೇಳುವ ಕಥೆ

ಸದ್ದಿಲ್ಲದ ತೀರವೊಂದರ ಹೆಸರು ಹೊರಗೆ ತಿಳಿದ ಮೇಲೆ ಏನಾಗುತ್ತದೆ ಎಂಬುದನ್ನು ಅರಿಯಲು ಇಂಡೋನೇಷ್ಯಾದತ್ತ ನೋಡಬೇಕು. ಬಾಲಿ ದ್ವೀಪದ ಕುಟಾದಲ್ಲಿ 1936ರಲ್ಲಿ ಅಮೆರಿಕದ ದಂಪತಿ ಕಡಲ ಬದಿಯ ಹೋಟೆಲೊಂದನ್ನು ತೆರೆದಾಗ ಅದು ಮೀನುಗಾರರ ಹಳ್ಳಿಯಾಗಿತ್ತು. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಸರ್ಫರುಗಳು ಅಲೆ ಹುಡುಕಿಕೊಂಡು ಅಲ್ಲಿಗೆ ಬಂದರು. ಅವರ ಹಿಂದೆ ವಸತಿಗೃಹಗಳು, ಮದ್ಯದಂಗಡಿಗಳು, ವಾಹನ ದಟ್ಟಣೆ, ಕಸದ ರಾಶಿ ಬಂದವು. ಪ್ರವಾಸಿಗರಿಂದಲೇ ಬದುಕುವ ಆ ದ್ವೀಪ 2024ರ ಫೆಬ್ರವರಿಯಿಂದ ಪ್ರತಿಯೊಬ್ಬ ವಿದೇಶಿ ಪ್ರವಾಸಿಯ ಮೇಲೆ 1,50,000 ರುಪಿಯಾ ಶುಲ್ಕ ವಿಧಿಸಿತು. ಸಂಸ್ಕೃತಿ ಹಾಗೂ ಪರಿಸರದ ರಕ್ಷಣೆ ಅದಕ್ಕೆ ನೀಡಲಾದ ಕಾರಣ.

ಸುಮಾತ್ರಾದ ಪಶ್ಚಿಮಕ್ಕಿರುವ ನಿಯಾಸ್ ದ್ವೀಪದ ಲಗುಂದ್ರಿ ಕೊಲ್ಲಿಯ ಕಥೆ ಬೇರೆ. 1975ರಲ್ಲಿ ಆಸ್ಟ್ರೇಲಿಯಾದ ಕೆಲವರು ಕಾಡುದಾರಿಯಲ್ಲಿ ನಡೆದು ಹೋಗಿ ಅಲ್ಲಿನ ಅಲೆಯನ್ನು ಕಂಡರು. ಹಾದಿ ದುರ್ಗಮ, ಮಲೇರಿಯಾದ ಭಯ ಬೇರೆ. ಹೀಗಾಗಿ ದೊಡ್ಡ ಬಂಡವಾಳ ಅತ್ತ ಧಾವಿಸಲಿಲ್ಲ. ಊರಿನ ಕುಟುಂಬಗಳೇ 'ಲೋಸ್ಮೆನ್' ಎಂಬ ಸಾದಾ ತಂಗುಮನೆಗಳನ್ನು ಕಟ್ಟಿ ಅತಿಥಿಗಳಿಗೆ ಊಟ ವಸತಿ ಒದಗಿಸತೊಡಗಿದವು. 2005ರ ಮಾರ್ಚ್ 28ರ ಭೂಕಂಪ ಆ ದ್ವೀಪಕ್ಕೆ ಅಪಾರ ಹಾನಿ ಮಾಡಿತು, ಹವಳದ ದಂಡೆಯನ್ನೇ ಮೇಲಕ್ಕೆತ್ತಿತು. ಆದರೂ ಅಲೆ ಉಳಿಯಿತು. ಅದನ್ನು ನಂಬಿದ ಮನೆಗಳೂ ಚೇತರಿಸಿಕೊಂಡವು.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಇಂತಹ ತೀರದ ಮೂಲಧನ ಅದರ ಪ್ರಶಾಂತತೆ. ಬಡ್ಡಿಯನ್ನು ಮಾತ್ರ ಬಳಸಿದರೆ ಅದು ತಲೆಮಾರುಗಳವರೆಗೆ ಉಳಿಯುತ್ತದೆ. ಮೂಲಧನಕ್ಕೇ ಕೈಹಾಕಿದರೆ ಹತ್ತು ವರ್ಷಗಳಲ್ಲಿ ಕರಗುತ್ತದೆ. ಸಸಿಹಿತ್ಲು ಈಗ ಈ ಎರಡು ದಾರಿಗಳ ನಡುವೆ ನಿಂತಿದೆ. ಕಡಲ್ಕೊರೆತ ಅಲ್ಲಿನ ನಿತ್ಯದ ಚಿಂತೆ. ದಡಕ್ಕೆ ಕಲ್ಲು ಸುರಿದರೆ ಮನೆಗಳು ಉಳಿದಾವು, ಆದರೆ ಮರಳಿನ ಚಲನೆ ಬದಲಾಗಿ ಅಲೆಯ ಆಕಾರ ಕೆಡಬಹುದು. ಕಲ್ಲು ಬೇಡವೆಂದರೆ ಮನೆ ಕಳೆದುಕೊಳ್ಳುವವರಿಗೆ ಉತ್ತರ ಹೇಳಬೇಕಾಗುತ್ತದೆ. ಸನಿಹದ ಪಡುಬಿದ್ರಿ ತೀರಕ್ಕೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ 'ಬ್ಲೂ ಫ್ಲ್ಯಾಗ್' ಮಾನ್ಯತೆ ದೊರೆಯಿತು. ನೀರಿನ ಶುದ್ಧತೆ, ಸ್ವಚ್ಛತೆ, ಸುರಕ್ಷತೆಗಳನ್ನು ಅಳೆದು ನೀಡುವ ಮನ್ನಣೆ ಇದು. ಅಚ್ಚುಕಟ್ಟಿಗೆ ಬೆಲೆಯಿದೆ ಎಂಬುದಕ್ಕೆ ಇವೇ ನಿದರ್ಶನ.

ಸಣ್ಣ ಉದ್ದಿಮೆದಾರರಿಗೆ ಇಲ್ಲೇನಿದೆ?

ಸರ್ಫ್ ಶಾಲೆಗಳ ಹಣ ಹರಿಯುವ ಬಗೆಯೂ ಗಮನಾರ್ಹ. ತರಬೇತಿ ಶುಲ್ಕ, ಹಲಗೆಯ ಬಾಡಿಗೆ, ಮುರಿದ ಹಲಗೆಯ ದುರಸ್ತಿ, ತಂಗುಮನೆ, ಮೀನೂಟ, ದೋಣಿ ವಿಹಾರ ಇವೆಲ್ಲ ಸಣ್ಣ ಸಣ್ಣ ಬಾಬ್ತುಗಳು. ಆದರೆ ಬಹುಪಾಲು ಊರಿನಲ್ಲಿಯೇ ಉಳಿಯುತ್ತವೆ. ಯಾಂತ್ರೀಕೃತ ದೋಣಿಗಳಿಗೆ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವ ಕರಾವಳಿಯಲ್ಲಿ, ಎರಡನೆಯ ಆದಾಯದ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ.

ಬೆಳಗಾವಿಯ ತಯಾರಕರ ಕೈಗೆ ಬರಬಹುದಾದ ಕೆಲಸವೂ ಇದರಲ್ಲಿದೆ. ಸರ್ಫ್ ಬೋರ್ಡ್ ಎಂದರೆ ಫೋಮಿನ ತಿರುಳನ್ನು ಕೆತ್ತಿ, ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ರಾಳ ಎರೆದು ಗಟ್ಟಿಗೊಳಿಸಿದ ವಸ್ತು. ಫೌಂಡ್ರಿಗಳಿಗೆ ಮರದ ಪ್ಯಾಟರ್ನ್ ಸಿದ್ಧಪಡಿಸುವ ಉದ್ಯಮಬಾಗದ ಕುಶಲಕರ್ಮಿಗೆ ವಕ್ರರೇಖೆಯನ್ನು ಕಣ್ಣಳತೆಯಲ್ಲಿ ಹಿಡಿಯುವ ಕಲೆ ಹೊಸದಲ್ಲ. ಹಲಗೆ ಜೋಡಿಸುವ ಸ್ಟ್ಯಾಂಡು, ವಾಹನದ ಮೇಲಿನ ಕ್ಯಾರಿಯರ್, ಜೀವರಕ್ಷಕರ ಎತ್ತರದ ಪೀಠ ಇವಕ್ಕೂ ಬೇಡಿಕೆಯಿದೆ. ಉಪ್ಪು ಗಾಳಿಗೆ ಸಾದಾ ಕಬ್ಬಿಣ ಬಹುಬೇಗ ತುಕ್ಕು ಹಿಡಿಯುವುದರಿಂದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಆನೊಡೈಸ್ ಮಾಡಿದ ಅಲ್ಯುಮಿನಿಯಂ ಅಥವಾ ಬಿಸಿ ಸತುವಿನ ಲೇಪ ಪಡೆದ ಉಕ್ಕನ್ನು ಬಳಸಬೇಕು. ಸಾಮಗ್ರಿಯ ಈ ಅರಿವು ಫೌಂಡ್ರಿ ನಗರಕ್ಕೆ ಸಹಜವಾಗಿಯೇ ಇದೆ. ರಫ್ತಿನ ವರ್ಗೀಕರಣದಲ್ಲಿ ಸರ್ಫ್ ಬೋರ್ಡುಗಳು ಕ್ರೀಡಾ ಸಾಮಗ್ರಿಗಳ 9506ನೆಯ ಶೀರ್ಷಿಕೆಯಡಿ ಬರುತ್ತವೆ. ಸದ್ಯ ಮಾರುಕಟ್ಟೆ ಚಿಕ್ಕದು ಎಂಬುದು ನಿಜ. ಆದರೆ ದೊಡ್ಡ ಕಂಪನಿಗಳಿಗೆ ಒಗ್ಗದ ಸಣ್ಣ ಆರ್ಡರುಗಳು ಸಣ್ಣ ಕಾರ್ಖಾನೆಗೆ ಒಗ್ಗುತ್ತವೆ.

ಖಾನಾಪುರಕ್ಕೆ ಪಾಠ

ಈ ಪ್ರವಾಸದಿಂದ ಎಲ್ಲರಿಗಿಂತ ಹೆಚ್ಚು ಕಲಿಯಬೇಕಾದ ಊರು, ಪ್ರವಾಸಿಗರು ನಿಲ್ಲದೆ ದಾಟಿಹೋಗುವ ಖಾನಾಪುರವೇ ಆಗಿದೆ. ತಾಲ್ಲೂಕಿನಲ್ಲಿ ಕಡಲಿಲ್ಲ, ಆದರೆ ಸಸಿಹಿತ್ಲುವಿನ ಮೂಲಧನ ಇಲ್ಲಿಯೂ ಇದೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಕದಂಬರ ಕಾಲದ ಹಲಸಿಯ ಭೂವರಾಹ ನರಸಿಂಹ ದೇವಾಲಯ, ದೇಗಾವಿಯ ಕಮಲನಾರಾಯಣ, 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಇವೆಲ್ಲ ಒಂದೇ ತಾಲ್ಲೂಕಿನಲ್ಲಿವೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಬಾರಾಪೇಡೆ ಗುಹೆ, ಜಗತ್ತಿನಲ್ಲಿ ಅತಿ ವಿರಳವಾದ ರಾಟನ್ ಬಾವಲಿಯ ನೆಲೆಯಾಗಿದೆ. ಖಾನಾಪುರದ ಮಣ್ಣಿನ ಹಂಚು, ಮಡಕೆಗಳಿಗೆ ಹಳೆಯ ಹೆಸರಿದೆ. ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇಲ್ಲಿ ನೆಲೆಗೊಂಡದ್ದೂ ಅದೇ ಕಾರಣಕ್ಕೆ.

ಘಟ್ಟದಲ್ಲಿ ದೊಡ್ಡ ರೆಸಾರ್ಟುಗಳು ಏಳುವ ಮೊದಲೇ ಊರಿನವರ ತಂಗುಮನೆಗಳು ಏಳಬೇಕು. ಅವುಗಳ ಮಾಡಿಗೆ ಖಾನಾಪುರದ ಹಂಚೇ ಇರಲಿ, ಚಹಾಕ್ಕೆ ಇಲ್ಲಿನ ಕುಂಬಾರನ ಬಟ್ಟಲೇ ಬರಲಿ. ಬಾವಲಿಯ ಗುಹೆಯಂತಹ ಸೂಕ್ಷ್ಮ ಜಾಗವನ್ನು ತೋರುವ ಆಸೆಗೆ ಬೀಳದೆ, ಅರಣ್ಯ ಇಲಾಖೆಯ ನಿಯಮದೊಳಗೆ, ಎಷ್ಟು ಜನ ಬಂದರೆ ಕಾಡು ತಾಳುತ್ತದೆ ಎಂಬ ಲೆಕ್ಕ ಮೊದಲೇ ಆಗಬೇಕು. ಕೋಡಿ ಬೆಂಗ್ರೆಯಲ್ಲಿ ಮೀನುಗಾರರ ಮಕ್ಕಳು ಅಲೆಯ ಹಾದಿ ತೋರುವಂತೆ, ಇಲ್ಲಿ ಕಾಡಂಚಿನ ಹಳ್ಳಿಗಳ ಯುವಕರು ಮಾರ್ಗದರ್ಶಕರಾಗಬೇಕು.

ಬೆಳಗಾವಿಯ ವರ್ತಕರು ಈ ಚಳಿಗಾಲದಲ್ಲಿ ನಾಲ್ಕು ದಿನಗಳ ಬಿಡುವು ಮಾಡಿಕೊಂಡು, ಖಾನಾಪುರದಲ್ಲಿ ಉಪಾಹಾರ ಮುಗಿಸಿ ಮೂಲ್ಕಿಯ ಹಾದಿ ಹಿಡಿಯಬಹುದು. ಹಲಗೆಯ ಮೇಲೆ ನಿಲ್ಲಲು ಮೊದಲ ದಿನವೇ ಸಾಧ್ಯವಾಗದಿದ್ದರೂ, ಐವತ್ತು ದಾಟಿದವರೂ ನಡುಮಟ್ಟದ ನೀರಿನಲ್ಲಿ ತರಬೇತುದಾರನ ಜೊತೆ ಪ್ರಯತ್ನಿಸಬಹುದು. ಹೋಗುವ ಮುನ್ನ ತಂಗುಮನೆಯನ್ನು ಕಾಯ್ದಿರಿಸಬೇಕು, ಮೀನುಗಾರರ ಬಲೆಗಳ ಮೇಲೆ ವಾಹನ ಹಾಯಿಸಬಾರದು, ಒಯ್ದ ಪ್ಲಾಸ್ಟಿಕನ್ನು ಮರಳಿ ತರಬೇಕು. ಊಟಕ್ಕೆ, ಪಾಠಕ್ಕೆ, ದೋಣಿಗೆ ಚೌಕಾಸಿ ಮಾಡದೆ ಊರಿನವರಿಗೇ ಹಣ ಸಲ್ಲಿಸಿದರೆ, ಆ ತೀರ ಇನ್ನಷ್ಟು ವರ್ಷ ಹಾಗೆಯೇ ಉಳಿಯಲು ಅದೇ ನೆರವಾಗುತ್ತದೆ.